ಟವೆಲ್ಲಿನ ಕೆಳಗೆ ಹುಡುಗನ ಬೆಲೆ ಕಟ್ಟಬೇಡಿ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಫುಟ್‌ಬಾಲ್ ಕ್ಲಬ್ಬುಗಳು, ಕಬಡ್ಡಿ ತಂಡಗಳು ಮತ್ತು ಯುವಕ ಮಂಡಳಗಳ ಅಧ್ಯಕ್ಷರು, ಕಾರ್ಯದರ್ಶಿಗಳು, ಸದಸ್ಯರೆಲ್ಲರಿಗೆ,



ಹೋದ ತಿಂಗಳು ಒಂದು ಸಂಜೆ ನಿಮ್ಮಲ್ಲೇ ಒಂದು ಕ್ಲಬ್ಬಿನವರು ನನ್ನನ್ನು ಮೀಟಿಂಗಿಗೆ ಕರೆದಿದ್ದರು. ಯಾವ ಕ್ಲಬ್ಬು ಅಂತ ಹೇಳುವುದಿಲ್ಲ. ಅವರಿಗೆ ಗೊತ್ತಿದೆ, ಅಷ್ಟು ಸಾಕು. ಹಿರಿಯರು ಬಂದು ನಾಲ್ಕು ಮಾತು ಹೇಳಬೇಕು ಅಂದರು, ಹೋದೆ. ವಿಷಯ ಹದಿನಾರು ವರ್ಷದ ಒಬ್ಬ ಹುಡುಗನದು. ಪಿಯುಸಿ ಮೊದಲ ವರ್ಷ, ಎಡಗಾಲಿನ ಆಟಗಾರ. ಅಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ. ಬೆಂಗಳೂರಿನ ಒಂದು ಕ್ಲಬ್ಬು ಅವನನ್ನು ತನ್ನ ಕಿರಿಯರ ತಂಡಕ್ಕೆ ಕೇಳಿತ್ತು. ಕೊಡಬೇಕೋ ಬೇಡವೋ, ಕೊಟ್ಟರೆ ಎಷ್ಟಕ್ಕೆ ಅನ್ನುವುದೇ ಚರ್ಚೆ.

"ಎರಡು ಲಕ್ಷ ಕೇಳ್ರಿ, ಒಂದಕ್ಕರೆ ಬರ್ತಾರ" ಅಂದರು ಒಬ್ಬರು. "ಟೂರ್ನಮೆಂಟ್ ಮುಗಿಯೂತನಕ ಬಿಡೂದು ಬ್ಯಾಡ. ಅವನ್ನ ಬಿಟ್ರ ನಮ್ಮಾಗ ಗೋಲ್ ಹೊಡಿಯಾವ್ರು ಯಾರದಾರ?" ಅಂದರು ಇನ್ನೊಬ್ಬರು. ಕ್ಲಬ್ಬನ್ನು ಕಟ್ಟಿ ನಿಲ್ಲಿಸಿದ ಹಿರಿಯರೊಬ್ಬರು ಬಹಳ ಹೊತ್ತು ಸುಮ್ಮನಿದ್ದು ಕೊನೆಗೆ, "ಎಂಟು ವರ್ಷ ಸಾಕೀವಿ. ಬೂಟ್ ಕೊಡಿಸೀವಿ, ಬಸ್ ಚಾರ್ಜ್ ಕೊಟ್ಟೀವಿ. ಹಂಗ ಪುಕ್ಕಟ ಹೆಂಗ ಬಿಡೂದ್ರೀ?" ಅಂದರು. ಅವರ ದನಿಯಲ್ಲಿ ದುಡ್ಡಿನ ಆಸೆ ಇರಲಿಲ್ಲ. ಮಗಳನ್ನು ಗಂಡನ ಮನೆಗೆ ಕಳಿಸುವ ತಂದೆಯ ಸಂಕಟವಿತ್ತು.

ನಾನು ಬಾಗಿಲ ಹತ್ತಿರ ಕೂತಿದ್ದೆ. ಹೊರಗೆ ಕಟ್ಟೆಯ ಮೇಲೆ ಆ ಹುಡುಗ ಕೂತಿದ್ದ. ಬಲಗಾಲಿನ ಬೂಟಿನ ಅಡಿ ಮುಂಭಾಗದಲ್ಲಿ ಬಾಯಿ ಬಿಟ್ಟಿತ್ತು. ಅದಕ್ಕೆ ಫೆವಿಕ್ವಿಕ್ ಹಚ್ಚಿ, ಗೋಣಿಚೀಲದಿಂದ ಎಳೆದ ಸುತಳಿಯನ್ನು ಸುತ್ತಿ ಬಿಗಿದು, ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡಿದ್ದ. ಒಳಗೆ ಅವನ ಬೆಲೆ ಎರಡರಿಂದ ಒಂದೂವರೆಗೆ, ಒಂದೂವರೆಯಿಂದ ಮತ್ತೆ ಎರಡಕ್ಕೆ ಏರಿಳಿಯುತ್ತಿದ್ದಾಗ ಅವನು ನಡುನಡುವೆ ಹೆಬ್ಬೆರಳಿನಿಂದ ಒತ್ತಿ ಅಂಟು ಹಿಡಿದಿದೆಯೋ ಇಲ್ಲವೋ ನೋಡುತ್ತಿದ್ದ. ಹೀಗೆ ಒಂದೂವರೆ ತಾಸು. ಅವನನ್ನು ಒಳಗೆ ಕರೆದು "ನಿನಗೇನ ಅನಸ್ತೈತಿ ತಮ್ಮಾ" ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಮನೆಗೆ ಬಂದು ಮಲಗಿದರೂ ಆ ಸುತಳಿ ಸುತ್ತಿದ ಬೂಟು ಕಣ್ಣೆದುರಿನಿಂದ ಹೋಗಲಿಲ್ಲ. ಅದಕ್ಕೇ ಈ ಪತ್ರ.

ದನದ ಸಂತೆಯ ವ್ಯಾಪಾರ ನೀವೆಲ್ಲ ನೋಡಿದ್ದೀರಿ. ದಲ್ಲಾಳಿ ಬಂದು ಕೊಳ್ಳುವವನ ಕೈ ಹಿಡಿಯುತ್ತಾನೆ, ಮೇಲೆ ಟವೆಲ್ಲು ಹೊದಿಸುತ್ತಾನೆ. ಬೆರಳು ಒತ್ತಿದಷ್ಟು ಬೆಲೆ. ಸುತ್ತ ನಿಂತವರಿಗೆ ಏನೂ ಕಾಣುವುದಿಲ್ಲ, ಕೇಳಿಸುವುದಿಲ್ಲ. ಆ ಸಂಜೆ ನಾವು ಮಾಡಿದ್ದು ಅದನ್ನೇ. ಹೋರಿಗೆ ಮಾತು ಬರುವುದಿಲ್ಲ ಅಂತ ಅದರ ಎದುರೇ ಬೆಲೆ ಮಾಡಬಹುದು. ಈ ಹುಡುಗನಿಗೆ ಮಾತು ಬರುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಬರುವುದು ಬೇಡ. ಹುಡುಗನನ್ನು ಕಳಿಸಿ. ಟೂರ್ನಮೆಂಟಿಗಾಗಿ ಒಂದು ದಿನವೂ ತಡೆಯಬೇಡಿ. ಅವನ ತಲೆಯ ಮೇಲೆ ಬೆಲೆ ಕಟ್ಟಿ ನಗದು ಎಣಿಸಿಕೊಳ್ಳಬೇಡಿ. ಹಾಗಂತ ನಿಮ್ಮ ಎಂಟು ವರ್ಷದ ದುಡಿಮೆಯನ್ನು ನೀರಿನಲ್ಲಿ ಹೋಮ ಮಾಡಿ ಅಂತಲೂ ನಾನು ಹೇಳುವುದಿಲ್ಲ. ಆ ದುಡಿಮೆಗೆ ಲೆಕ್ಕ ಉಂಟು, ನ್ಯಾಯವಾಗಿ ಕೇಳುವ ದಾರಿಯೂ ಉಂಟು. ಆ ದಾರಿಗೆ ಬೇಕಾದ ಕಾಗದಪತ್ರ ನಮ್ಮಲ್ಲಿ ಯಾರೂ ಇಟ್ಟಿಲ್ಲ. ನನ್ನ ದೊಡ್ಡ ದೂರು ಅದೇ, ಮತ್ತು ಅದರಲ್ಲಿ ನಾನೂ ಪಾಲುದಾರ.

ಇದನ್ನೆಲ್ಲ ಹೇಳಲು ನನಗೆ ಏನು ಅಧಿಕಾರ ಅಂತ ಕೇಳಬಹುದು. ನಾನು ಮಾಡಿದ ಒಂದು ತಪ್ಪೇ ಆ ಅಧಿಕಾರ.

ಇಪ್ಪತ್ತು ವರ್ಷದ ಮೇಲಾಯಿತು. ಆಗ ನಾನು ಶಾಲೆಯಲ್ಲಿ ದೈಹಿಕ ಶಿಕ್ಷಕ, ಸಂಜೆ ಊರಿನ ತಂಡಕ್ಕೆ ತರಬೇತುದಾರ. ನಮ್ಮಲ್ಲೊಬ್ಬ ಹುಡುಗ ಇದ್ದ. ಚೆಂಡು ಅವನ ಕಾಲಿಗೆ ಬಂದರೆ ಅಲ್ಲೇ ಮನೆ ಮಾಡಿಕೊಂಡಂತೆ ಇರುತ್ತಿತ್ತು. ಹೊರಗಿನ ಒಂದು ದೊಡ್ಡ ತಂಡದ ಟ್ರಯಲ್ಸಿಗೆ ಅವನ ಹೆಸರು ಬಂತು. ಊರಿನ ತಂಡದ ಒಪ್ಪಿಗೆ ಬೇಕು, ಫಾರ್ಮಿನ ಕೆಳಗೆ ನನ್ನ ಸಹಿ ಬೇಕು. ನಮ್ಮ ಟೂರ್ನಮೆಂಟಿಗೆ ಹತ್ತು ದಿನ ಉಳಿದಿತ್ತು. "ಟೂರ್ನಮೆಂಟ್ ಮುಗೀಲಿ, ಆಮೇಲೆ ಕಳಸೋಣ" ಅಂತ ಫಾರ್ಮನ್ನು ಟೇಬಲ್ಲಿನ ಡ್ರಾವರಿನಲ್ಲಿ ಇಟ್ಟೆ. ಸೆಮಿಫೈನಲ್ಲಿನಲ್ಲಿ ಸೋತೆವು. ಡ್ರಾವರು ತೆಗೆದು ನೋಡಿದರೆ ಕೊನೆಯ ತಾರೀಖು ದಾಟಿ ಎರಡು ದಿನವಾಗಿತ್ತು. ಮುಂದಿನ ವರ್ಷ ನೋಡೋಣ ಅಂದೆ. ಮುಂದಿನ ವರ್ಷ ಅವನ ಮೊಣಕಾಲು ತಿರುಚಿತು.

ಈಗ ಅವನು ಮುಂಡರಗಿ ರಸ್ತೆಯಲ್ಲಿ ಟಂಟಂ ಓಡಿಸುತ್ತಾನೆ. ನಾನು ರಸ್ತೆಯಲ್ಲಿ ಕಂಡರೆ ಬ್ರೇಕು ಹಾಕಿ "ಕುಂಡ್ರಿ ಸರ" ಅನ್ನುತ್ತಾನೆ. ದುಡ್ಡು ಕೊಡಲು ಹೋದರೆ ಕೈ ಹಿಂದಕ್ಕೆ ಒತ್ತುತ್ತಾನೆ. ಒಂದು ದಿನವೂ ಆ ಫಾರ್ಮಿನ ಸುದ್ದಿ ಎತ್ತಿಲ್ಲ. ಎತ್ತಿ ಬೈದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು. ಅವನು ಹೋಗಿದ್ದರೆ ದೊಡ್ಡ ಆಟಗಾರನಾಗುತ್ತಿದ್ದ ಅಂತ ಗ್ಯಾರಂಟಿ ಏನೂ ಇರಲಿಲ್ಲ. ಹೋಗಿ ನೋಡುವ ಅವಕಾಶ ಅವನದಾಗಿತ್ತು. ಅದನ್ನು ನಾನು ಹತ್ತು ದಿನದ ಟೂರ್ನಮೆಂಟಿಗಾಗಿ ಡ್ರಾವರಿನಲ್ಲಿ ಇಟ್ಟೆ.

ನಮ್ಮ ಊರಿನಿಂದ ಹೋಗಿ ನೋಡಿದವರೊಬ್ಬರ ವಿಷಯ ನಿಮಗೆಲ್ಲ ಗೊತ್ತೇ ಇದೆ. ಸುನೀಲ್ ಜೋಶಿ ಗದಗಿನವರು. ಬೆಳಕು ಹರಿಯುವ ಮೊದಲೇ ಎದ್ದು ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಿ, ಬೆಳಗಿನ ಕ್ರಿಕೆಟ್ ತಾಲೀಮು ಮುಗಿಸಿ, ಶಾಲೆಗೆ ವಾಪಸು ಗದಗಿಗೆ ಬರುತ್ತಿದ್ದ ಹುಡುಗ ಅವರು. 1995-96ರ ರಣಜಿ ಋತುವಿನಲ್ಲಿ 500ಕ್ಕೂ ಹೆಚ್ಚು ರನ್ನು, 50ಕ್ಕೂ ಹೆಚ್ಚು ವಿಕೆಟ್ಟು; ಆ ವರ್ಷ ಟ್ರೋಫಿ ಕರ್ನಾಟಕಕ್ಕೆ ಬಂತು. 1996ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಮೊದಲ ಟೆಸ್ಟ್. 1999ರ ಸೆಪ್ಟೆಂಬರಿನಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಮೇಲೆ ಹತ್ತು ಓವರು, ಆರು ಮೇಡನ್, ಆರೇ ರನ್ನು, ಐದು ವಿಕೆಟ್ಟು. ಆ ಅಂಕಿಗಳನ್ನು ಪೇಪರಿನಲ್ಲಿ ಓದಿದ ದಿನ ಗದಗಿನ ಚಹಾದ ಅಂಗಡಿಗಳಲ್ಲಿ ಬೇರೆ ಮಾತೇ ಇರಲಿಲ್ಲ. 2020ರಲ್ಲಿ ಅವರು ಭಾರತ ತಂಡದ ಆಯ್ಕೆ ಸಮಿತಿಯ ಅಧ್ಯಕ್ಷರೂ ಆದರು. ನೈರೋಬಿಯ ಆ ಪಿಚ್ಚನ್ನು ಗದಗು ಅವರಿಗೆ ಕೊಡಲು ಸಾಧ್ಯವಿರಲಿಲ್ಲ. ಆ ಹುಡುಗ ನಸುಕಿನಲ್ಲಿ ಹುಬ್ಬಳ್ಳಿಯ ದಾರಿ ಹಿಡಿದಾಗ ತಡೆಯದೇ ಇರುವುದಷ್ಟೇ ಊರಿನ ಕೈಯಲ್ಲಿತ್ತು. ಊರು ತಡೆಯಲಿಲ್ಲ.

ಇದೇ ಗದಗಿನಿಂದ 1933ರಲ್ಲಿ ಹನ್ನೊಂದು ವರ್ಷದ ಇನ್ನೊಬ್ಬ ಹುಡುಗ ಯಾರಿಗೂ ಹೇಳದೆ ಗುರುವನ್ನು ಹುಡುಕಿಕೊಂಡು ರೈಲು ಹತ್ತಿದ್ದ. ಭೀಮಸೇನ ಜೋಶಿ ಪುಣೆಯಲ್ಲಿ ನೆಲೆ ನಿಂತರು. ಆದರೂ "ನಮ್ಮ ಭೀಮಣ್ಣ" ಅನ್ನುವುದನ್ನು ನಾವು ಬಿಟ್ಟಿದ್ದೇವೆಯೇ?

"ನಾವು ಬೆಳೆಸಿದ್ದು, ಆದ್ದರಿಂದ ನಮ್ಮದು" ಅನ್ನುವ ವಾದವನ್ನು ಜಗತ್ತಿನ ದೊಡ್ಡ ದೊಡ್ಡ ಕ್ಲಬ್ಬುಗಳೂ ನೂರು ವರ್ಷ ಮಾಡಿವೆ. ಇಂಗ್ಲೆಂಡಿನಲ್ಲಿ ಆಟಗಾರನ ಒಪ್ಪಂದ ಮುಗಿದರೂ ಕ್ಲಬ್ಬು ಅವನನ್ನು ಬಿಡದೆ ಇಟ್ಟುಕೊಳ್ಳಬಹುದಾಗಿತ್ತು. ಜಾರ್ಜ್ ಈಸ್ಟ್‌ಹ್ಯಾಮ್ ಅನ್ನುವ ಆಟಗಾರ ನ್ಯೂಕ್ಯಾಸಲ್ ಬಿಡಬೇಕೆಂದಾಗ ಕ್ಲಬ್ಬು ಒಪ್ಪಲಿಲ್ಲ. ಆತ ಆಟ ನಿಲ್ಲಿಸಿ, ಬಿರಡೆ ಮಾರುವ ಕೆಲಸಕ್ಕೆ ಸೇರಿ, ಕೊನೆಗೆ ಕೋರ್ಟಿಗೆ ಹೋದ. 1963ರಲ್ಲಿ ನ್ಯಾಯಾಲಯ ಆ ಪದ್ಧತಿ ದುಡಿಯುವವನ ಕೈ ಕಟ್ಟುವ ಅನ್ಯಾಯ ಅಂತ ತೀರ್ಪು ಕೊಟ್ಟಿತು. ಆಮೇಲೆ ಬೆಲ್ಜಿಯಮ್ಮಿನ ಜಾನ್ ಮಾರ್ಕ್ ಬೋಸ್ಮನ್. 1990ರಲ್ಲಿ ಅವನ ಒಪ್ಪಂದ ಮುಗಿದಿತ್ತು, ಫ್ರಾನ್ಸಿನ ಒಂದು ಕ್ಲಬ್ಬು ಕರೆದಿತ್ತು. ಲಿಯೇಜಿನ ಅವನ ಕ್ಲಬ್ಬು ಹಣ ಬರದೆ ಬಿಡುವುದಿಲ್ಲ ಅಂತ ಕೂತಿತು, ಸಂಬಳವನ್ನೂ ಕಾಲು ಭಾಗಕ್ಕೆ ಇಳಿಸಿತು. ಐದು ವರ್ಷ ಕೋರ್ಟು. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಅವನ ಪರ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಅವನ ಆಡುವ ವಯಸ್ಸು ಕಳೆದುಹೋಗಿತ್ತು. ಅವನ ಹೆಸರಿನ ತೀರ್ಪಿನಿಂದ ಬೇರೆಯವರು ಕೋಟಿಗಟ್ಟಲೆ ಗಳಿಸಿದರು.

ಆಗ ಸಣ್ಣ ಕ್ಲಬ್ಬುಗಳು ಕೇಳಿದ ಪ್ರಶ್ನೆ, ನಮ್ಮ ಆ ಹಿರಿಯರು ಕೇಳಿದ್ದೇ: ಹಾಗಾದರೆ ಬೆಳೆಸಿದವನಿಗೆ ಏನು? ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರವಾಗಿ 2001ರಲ್ಲಿ ಫಿಫಾ ಎರಡು ನಿಯಮ ತಂದಿತು. ದಯವಿಟ್ಟು ಇವನ್ನು ನಿಮ್ಮ ಕಾರ್ಯದರ್ಶಿಗಳು ಗಮನವಿಟ್ಟು ಓದಲಿ.

ಮೊದಲನೆಯದು ತರಬೇತಿ ಪರಿಹಾರ. ಆಟಗಾರ ಇನ್ನೊಂದು ದೇಶದ ಕ್ಲಬ್ಬಿನಲ್ಲಿ ಮೊದಲ ಸಲ ವೃತ್ತಿಪರನಾಗಿ ಸಹಿ ಮಾಡಿದಾಗ, ಆಮೇಲೆ 23 ತುಂಬುವ ವರ್ಷದ ಕೊನೆಯವರೆಗೆ ದೇಶ ದಾಟಿ ಕ್ಲಬ್ಬು ಬದಲಿಸಿದಾಗ, ಅವನನ್ನು ತಯಾರು ಮಾಡಿದ ಕ್ಲಬ್ಬಿಗೆ ಹೊಸ ಕ್ಲಬ್ಬು ಕೊಡಬೇಕಾದದ್ದು. ಎರಡನೆಯದು ಒಗ್ಗಟ್ಟಿನ ಪಾಲು. ಒಪ್ಪಂದ ಇನ್ನೂ ಉಳಿದಿರುವಾಗಲೇ ಆಟಗಾರ ಹಣಕ್ಕೆ ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಹೋದರೆ, ಆ ಹಣದ ಶೇ. 5 ಭಾಗ ಅವನು 12ರಿಂದ 23ರವರೆಗೆ ಆಡಿದ ಕ್ಲಬ್ಬುಗಳಿಗೆಲ್ಲ ಹಂಚಬೇಕು. 12ರಿಂದ 15ರವರೆಗೆ ವರ್ಷಕ್ಕೆ ಶೇ. 0.25, 16ರಿಂದ 23ರವರೆಗೆ ವರ್ಷಕ್ಕೆ ಶೇ. 0.5. ಲೆಕ್ಕ ಹಾಕಿ ನೋಡಿ. ನಿಮ್ಮಲ್ಲಿ 12ರಿಂದ 15ರವರೆಗೆ ನಾಲ್ಕು ವರ್ಷ ಆಡಿದ ಹುಡುಗ ಮುಂದೆ ಎಂದಾದರೂ 10 ಕೋಟಿ ರೂಪಾಯಿಗೆ ಹೊರದೇಶದ ಕ್ಲಬ್ಬಿಗೆ ಹೋದ ಅಂತ ಇಟ್ಟುಕೊಳ್ಳಿ. ನಿಮ್ಮ ಪಾಲು ಶೇ. 1, ಅಂದರೆ 10 ಲಕ್ಷ. ಮುಂದೆಯೂ ಒಪ್ಪಂದ ಉಳಿದಿರುವಾಗ ಹೀಗೆ ಹಣಕ್ಕೆ ದೇಶ ದಾಟಿದ ಪ್ರತಿ ಸಲವೂ ಆ ಪಾಲು ನಡೆಯುತ್ತದೆ. ಇಂಥ ಹಣ ಸರಿಯಾದ ಕ್ಲಬ್ಬಿಗೆ ತಲುಪಲಿ ಅಂತ 2022ರಿಂದ ಫಿಫಾ ಬೇರೆ ಕಚೇರಿಯನ್ನೇ ನಡೆಸುತ್ತಿದೆ.

ನಮ್ಮ ಕಡೆಯ ಹುಡುಗ ಅಲ್ಲಿಯವರೆಗೆ ಹೋಗುವುದು ಅಪರೂಪದಲ್ಲಿ ಅಪರೂಪ. ಆ 10 ಲಕ್ಷದ ಕನಸು ಕಾಣುತ್ತ ಕೂರಲು ನಾನು ಹೇಳುತ್ತಿಲ್ಲ. ನಾನು ಹೇಳುತ್ತಿರುವುದು ಆ ನಿಯಮದ ಹಿಂದಿನ ವಿಚಾರ. ಆಟಗಾರ ಸ್ವತಂತ್ರ, ಬೆಳೆಸಿದವನಿಗೆ ಪಾಲು, ಆ ಪಾಲು ದಾಖಲೆಯ ಮೇಲೆ. ನಿಮ್ಮ ಕ್ಲಬ್ಬು ಫುಟ್‌ಬಾಲ್ ಸಂಸ್ಥೆಯಲ್ಲಿ ನೋಂದಣಿಯಾಗಿರಬೇಕು, ಹುಡುಗನ ಹೆಸರು ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ನಿನ ಆನ್‌ಲೈನ್ ನೋಂದಣಿಯಲ್ಲಿ ನಿಮ್ಮ ಕ್ಲಬ್ಬಿನ ಕೆಳಗೆ ಇರಬೇಕು. ಇಲ್ಲದಿದ್ದರೆ ಎಂಟು ವರ್ಷ ಅಲ್ಲ, ಹದಿನೆಂಟು ವರ್ಷ ಸಾಕಿದ್ದರೂ ನೀವು ಅವನಿಗೆ ಯಾರೂ ಅಲ್ಲ. ಆ ಸಂಜೆ ನಾನು ರಜಿಸ್ಟರ್ ಕೇಳಿದೆ. ಒಂದು ಟ್ರಂಕು ತಂದರು. ಅದರಲ್ಲಿ ಕಪ್ಪುಗಳ ಫೋಟೋ ಇದ್ದವು, ದೇಣಿಗೆಯ ರಸೀದಿ ಪುಸ್ತಕ ಇತ್ತು, ಗಾಳಿ ಹೋದ ಎರಡು ಚೆಂಡು, ಸುಣ್ಣದ ಡಬ್ಬಿ ಇತ್ತು. ಯಾವ ಹುಡುಗ ಯಾವ ವರ್ಷ ಸೇರಿದ, ಅವನ ಜನ್ಮದಿನಾಂಕ ಏನು ಅನ್ನುವ ಒಂದು ಹಾಳೆ ಇರಲಿಲ್ಲ. ಎರಡು ಲಕ್ಷ ಕೇಳುವ ಕ್ಲಬ್ಬಿನಲ್ಲಿ ಇಪ್ಪತ್ತು ರೂಪಾಯಿಯ ನೋಟ್‌ಬುಕ್ ಇರಲಿಲ್ಲ.

ಕಬಡ್ಡಿಯವರು, ಇದು ನಮಗಲ್ಲ ಅಂದುಕೊಂಡು ಪತ್ರ ಮಡಚಬೇಡಿ. ನಮ್ಮ ಜಿಲ್ಲೆಯಲ್ಲಿ ಫುಟ್‌ಬಾಲಿಗಿಂತ ನಿಮ್ಮ ಆಟ ದೊಡ್ಡದು, ಜಾತ್ರೆಗೊಂದು ಟೂರ್ನಮೆಂಟು ನಡೆಯುತ್ತದೆ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದಾಗ ಹರಾಜಿನಲ್ಲಿ ಎಲ್ಲರಿಗಿಂತ ಹೆಚ್ಚು ಬೆಲೆ ಬಂದ ರಾಕೇಶ್ ಕುಮಾರ್ ಅವರಿಗೆ 12.8 ಲಕ್ಷ. 2023ರಲ್ಲಿ ಪವನ್ ಸೆಹ್ರಾವತ್ ಅವರಿಗೆ 2.6 ಕೋಟಿ. ಆ ಹಣ ಆಟಗಾರನದು, ಅದು ಸರಿ. ಆದರೆ ಅವನಿಗೆ ಮೊದಲ ಸಲ ದಾಳಿ ಕಲಿಸಿದ ಊರಿನ ಮಣ್ಣಿನಂಕಣಕ್ಕೆ ಪಾಲು ಕೊಡುವ ಪದ್ಧತಿ ಫುಟ್‌ಬಾಲಿನಲ್ಲಿರುವಂತೆ ಅಲ್ಲಿ ಇಲ್ಲ. ನಿಮ್ಮ ಸಂಸ್ಥೆಗಳ ಸಭೆಯಲ್ಲಿ ಎದ್ದು ನಿಂತು ಕೇಳಬೇಕಾದ್ದು ಇದನ್ನು. ಒಬ್ಬೊಬ್ಬ ಹುಡುಗನ ಕಾಲು ಹಿಡಿದು ಎಳೆಯುವುದರಿಂದ ಆ ಪಾಲು ಸಿಗುವುದಿಲ್ಲ.

ಹುಡುಗರು ಹೋದರೆ ನಮ್ಮಲ್ಲಿ ಆಟ ಸಾಯುತ್ತದೆ ಅನ್ನುವ ಹೆದರಿಕೆಯೂ ಆ ಮೀಟಿಂಗಿನಲ್ಲಿ ಕೇಳಿಬಂತು. ನಮ್ಮದೇ ರಾಜ್ಯದ ಹಳೆಯ ಉದಾಹರಣೆ ನೋಡಿ. ಮುಂಬಯಿಯ ರೋವರ್ಸ್ ಕಪ್ಪು 1891ರಲ್ಲಿ ಶುರುವಾದದ್ದು, ಬಹಳ ವರ್ಷ ಅದು ಗೋರಾ ಸಿಪಾಯಿಗಳ ತಂಡಗಳದ್ದೇ ಆಗಿತ್ತು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್; 1938ರಲ್ಲೂ ಅವರೇ ಗೆದ್ದರು. ಕಲ್ಕತ್ತೆಯ ಕಣ್ಣು ಬೆಂಗಳೂರಿನ ಹುಡುಗರ ಮೇಲೆ ಆಗಲೇ ಬಿದ್ದಿತ್ತು. ಅಲ್ಲಿಯ ಮಹಮ್ಮಡನ್ ಸ್ಪೋರ್ಟಿಂಗಿನವರು ಇಲ್ಲಿಂದ ಆಟಗಾರರನ್ನು ಕರೆದುಕೊಂಡು ಹೋಗಿದ್ದರು. 1949ರಲ್ಲಿ ಅಹಮದ್ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಹೋದರು. ಅಲ್ಲಿಯ ಪಂಚಪಾಂಡವರು ಅಂತ ಹೆಸರಾದ ಐವರು ಮುಂಪಡೆಯ ಆಟಗಾರರಲ್ಲಿ ಅವರೊಬ್ಬರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತಕ್ಕೆ ಬಂದ ಒಂದೇ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಹೊಡೆದದ್ದು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ಎದುರು 10-1ರಿಂದ ಸೋತ ಪಂದ್ಯದ ಆ ಒಂದು ಗೋಲು ಅಹಮದ್ ಖಾನರದ್ದು.

ಅವರನ್ನು ಬೆಳೆಸಿದ ಬೆಂಗಳೂರಿಗೆ ಬಂದದ್ದೇನು? ಆಗ ಇಂಥ ಪಾಲಿನ ನಿಯಮವೇ ಇರಲಿಲ್ಲ. ಆದರೂ ಅಷ್ಟು ಜನ ಹೋದ ಮೇಲೂ ಮೈಸೂರು ರಾಜ್ಯದ ತಂಡ 1952-53ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತು, 1967-68 ಮತ್ತು 1968-69ರಲ್ಲಿ ಮತ್ತೆ ಗೆದ್ದಿತು. ಆಸ್ಟಿನ್ ಟೌನು, ಮರ್ಫಿ ಟೌನು, ಗೌತಮಪುರದ ಗಲ್ಲಿಗಳಲ್ಲಿ ಒಬ್ಬ ಹೋದರೆ ಅವನ ಜಾಗಕ್ಕೆ ಇನ್ನೊಬ್ಬ ಬರುತ್ತಿದ್ದ. ಗೌತಮಪುರದಲ್ಲಿ ಪೆಲೆಯ ಮೂರ್ತಿಯನ್ನೇ ನಿಲ್ಲಿಸಿದ್ದಾರೆ, ಬೆಂಗಳೂರಿಗೆ ಹೋದಾಗ ನೋಡಿ ಬನ್ನಿ. ಆಮೇಲೆ ಅದೇ ಟ್ರೋಫಿಗಾಗಿ ಕರ್ನಾಟಕ 54 ವರ್ಷ ಕಾದದ್ದೂ ನಿಜ; 2023ರ ಮಾರ್ಚಿನಲ್ಲಿ ರಿಯಾಧಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ ಅದು ತಿರುಗಿ ಬಂತು. ಆ ಬರಗಾಲಕ್ಕೆ ಕಾರಣ ಹುಡುಗರು ಹೊರಗೆ ಹೋದದ್ದು ಅಂತ ನನಗೆ ಅನಿಸುವುದಿಲ್ಲ. ಹೋದವರ ಹಿಂದೆ ಚಿಕ್ಕವರು ಬರುತ್ತಿರಬೇಕು. ಅದಕ್ಕೆ ಆಡುವ ಜಾಗ ಬೇಕು, ದಿನಾ ಸಂಜೆ ಸೀಟಿ ಊದಿ ಕರೆಯುವ ಒಬ್ಬ ಮನುಷ್ಯ ಬೇಕು. ನಮ್ಮ ಯೋಚನೆ ಎಲ್ಲ ಒಬ್ಬ ಹದಿನಾರರವನ ಮೇಲೆ ನಿಂತಿದೆ. ಅವನ ಹಿಂದೆ ಹತ್ತು ವರ್ಷದವರು ಎಷ್ಟು ಜನ ಬರುತ್ತಿದ್ದಾರೆ ಅಂತ ಕೇಳಿದರೆ ನಿಮ್ಮಲ್ಲಿ ಬಹಳ ಜನ ಉತ್ತರ ಕೊಡಲಾರಿರಿ.

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನಪು ಮಾಡಿಕೊಳ್ಳಿ. ಕಣ್ಣಿಲ್ಲದ, ಗತಿಯಿಲ್ಲದ ಮಕ್ಕಳಿಗೆ ಊಟ ಹಾಕಿ, ಸ್ವರ ಕಲಿಸಿ, ಪಂಚಾಕ್ಷರಿ ಗವಾಯಿಗಳು, ಆಮೇಲೆ ಪುಟ್ಟರಾಜ ಗವಾಯಿಗಳು ನಾಡಿನ ಮೂಲೆ ಮೂಲೆಗೆ ಕಳಿಸಿದರು. ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಕಲಿತವನನ್ನು ಹಿಡಿದಿಟ್ಟುಕೊಂಡಿದ್ದರೆ ಮುಂದೆ ಬರುವವನಿಗೆ ಪಂಕ್ತಿಯಲ್ಲಿ ಜಾಗ ಎಲ್ಲಿರುತ್ತಿತ್ತು? ಆದರೆ ಆ ಆಶ್ರಮ ಬರೀ ಗಾಳಿ ಕುಡಿದು ನಡೆದಿಲ್ಲ. ಭಕ್ತರು ಕಾಳುಕಡಿ ಕೊಟ್ಟರು, ನಾಟಕ ಕಂಪನಿ ಊರೂರು ತಿರುಗಿ ದುಡಿಯಿತು. ದಾಸೋಹಕ್ಕೂ ಲೆಕ್ಕ ಬೇಕಾಗುತ್ತದೆ.

ಲೆಕ್ಕದ ಮಾತಿಗೆ ನಾವು ದೂರ ಹೋಗಬೇಕಾಗಿಲ್ಲ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ದೇಶದಲ್ಲೇ ಮೊದಲನೆಯದು ಅನ್ನುತ್ತಾರೆ. ಆಗಲೂ ಹಳ್ಳಿಯ ವ್ಯವಹಾರ ಟವೆಲ್ಲಿನ ಕೆಳಗೇ ನಡೆಯುತ್ತಿತ್ತು. ಸಾಹುಕಾರ ಹೇಳಿದ್ದೇ ಬಡ್ಡಿ, ಅವನು ಬರೆದದ್ದೇ ಲೆಕ್ಕ. ಎಲ್ಲರೂ ಸೇರಿ ದುಡ್ಡು ಹಾಕಿ, ಎಲ್ಲರಿಗೂ ಕಾಣುವ ಹಾಗೆ ಪುಸ್ತಕದಲ್ಲಿ ಬರೆಯಬೇಕು ಅಂತ ಆ ಗೌಡರು ಹಟ ಹಿಡಿದರು. ನೂರಿಪ್ಪತ್ತು ವರ್ಷದ ಹಿಂದೆ ಒಂದು ಸಣ್ಣ ಹಳ್ಳಿ ಮಾಡಿ ತೋರಿಸಿದ್ದನ್ನು, ಕೈಯಲ್ಲಿ ಸ್ಮಾರ್ಟ್‌ಫೋನ್ ಹಿಡಿದ ನಮ್ಮ ಕ್ಲಬ್ಬುಗಳು ಮಾಡಲಾರವೇ?

ಈಗ ಆ ಹುಡುಗನ ವಿಷಯಕ್ಕೆ ಬರೋಣ. ನಾನು ನಿಮ್ಮ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆ ಅಂತ ಹೇಳುತ್ತೇನೆ, ಹೆಚ್ಚುಕಡಿಮೆ ಇದ್ದರೆ ತಿದ್ದಿ. ಮೊದಲು ಅವನನ್ನು, ಅವನ ಅಪ್ಪ-ಅವ್ವನನ್ನು ಕೂರಿಸಿಕೊಂಡು ಕೇಳುತ್ತಿದ್ದೆ. ಅವನಿಗೆ ಹದಿನೆಂಟು ತುಂಬಿಲ್ಲ. ಕಾನೂನಿನಲ್ಲಿ ಅವನ ಸಹಿ ನಡೆಯುವುದಿಲ್ಲ, ಹೆತ್ತವರ ಸಹಿಯೇ ಬೇಕು. ಕ್ಲಬ್ಬಿನ ಅಧ್ಯಕ್ಷರು ಹೆತ್ತವರಲ್ಲ. ಅವನ ಅವ್ವ ಆ ಮೀಟಿಂಗಿಗೆ ಬಂದಿರಲಿಲ್ಲ, ಯಾರೂ ಕರೆದಿರಲಿಲ್ಲ. ಮಗ ಎಲ್ಲಿ ಮಲಗುತ್ತಾನೆ, ಬೆಳಿಗ್ಗೆ ಏನು ತಿನ್ನುತ್ತಾನೆ, ಜ್ವರ ಬಂದರೆ ಯಾರು ನೋಡುತ್ತಾರೆ ಅನ್ನುವುದು ಆಕೆ ಕೇಳುವ ಪ್ರಶ್ನೆಗಳು. ಎರಡು ಲಕ್ಷದ ಮಾತು ಒಂದೂವರೆ ತಾಸು ಆಡಿದ ನಾವು ಇದರಲ್ಲಿ ಒಂದನ್ನೂ ಕೇಳಲಿಲ್ಲ.

ಆಮೇಲೆ ಬೆಂಗಳೂರಿನ ಕ್ಲಬ್ಬಿಗೆ ಕಾಗದ ಬರೆಯುತ್ತಿದ್ದೆ. ಓದು ನಿಲ್ಲಬಾರದು, ಪಿಯುಸಿ ಎರಡನೆಯ ವರ್ಷಕ್ಕೆ ಅಲ್ಲಿಯೇ ಕಾಲೇಜು ಹಚ್ಚಿಕೊಡಬೇಕು. ಕಾಲಿಗೆ ಪೆಟ್ಟಾದರೆ ಆಸ್ಪತ್ರೆಯ ಖರ್ಚು ಅವರದು, ಗುಣವಾಗುವವರೆಗೆ ಊಟ-ವಸತಿಯೂ ಅವರದು. ಅವರ ತಂಡಕ್ಕೆ ಬೇಡವಾದರೆ ಯಾವ ತಕರಾರೂ ಇಲ್ಲದೆ ಬಿಟ್ಟುಕೊಡಬೇಕು, ಕಾಗದ ಹಿಡಿದಿಟ್ಟುಕೊಂಡು ಕೂರಬಾರದು. ನಾನು ಮಾಡಿದ ತಪ್ಪನ್ನು ಅವರೂ ಮಾಡುವುದು ಬೇಡ. ಹದಿನೆಂಟರ ಒಳಗಿನವನ ಒಪ್ಪಂದ ಮೂರು ವರ್ಷಕ್ಕಿಂತ ಹೆಚ್ಚಾಗಬಾರದು ಅನ್ನುವುದು ಫಿಫಾದ್ದೇ ನಿಯಮ, ಅದನ್ನು ನೆನಪಿಸುತ್ತಿದ್ದೆ. ಇಷ್ಟೆಲ್ಲ ಬರೆದ ಮೇಲೆ ಕೊನೆಗೆ ಕ್ಲಬ್ಬಿನ ಮಾತು. ಈಗ ನಗದು ಬೇಡ. ವರ್ಷಕ್ಕೆ ಇಂತಿಷ್ಟು ಚೆಂಡು, ಚಿಕ್ಕವರ ಬೂಟು, ವರ್ಷಕ್ಕೊಮ್ಮೆ ಅವರ ತರಬೇತುದಾರರು ಬಂದು ಒಂದು ವಾರ ನಮ್ಮ ಮಕ್ಕಳಿಗೆ ಕಲಿಸಬೇಕು; ಮುಂದೆ ಇವನನ್ನು ಅವರು ಹಣಕ್ಕೆ ಇನ್ನೊಂದು ಕ್ಲಬ್ಬಿಗೆ ಕೊಟ್ಟರೆ ಅದರಲ್ಲಿ ಇಷ್ಟು ಪಾಲು ನಮ್ಮ ಮೈದಾನದ ಖಾತೆಗೆ. ಆ ಖಾತೆ ಒಬ್ಬರ ಹೆಸರಿನಲ್ಲಿರಬಾರದು. ಸಹಕಾರಿ ಬ್ಯಾಂಕಿನಲ್ಲಿ ಮೂವರ ಜಂಟಿ ಸಹಿ ಇರಲಿ, ಮೂವರಲ್ಲಿ ಒಬ್ಬರು ಆಡುವ ಮಕ್ಕಳ ಪಾಲಕರಾಗಿರಲಿ.

ಅವರು ಒಪ್ಪುತ್ತಾರೋ ಇಲ್ಲವೋ ಅಂತ ಕೇಳಬಹುದು. ಕೇಳಿದ್ದೆಲ್ಲ ಸಿಗಲಿಕ್ಕಿಲ್ಲ. ಪಾಲು ಒಪ್ಪದಿದ್ದರೆ ಪಾಲು ಬಿಡಿ. ಓದು ಮತ್ತು ಆಸ್ಪತ್ರೆಯ ಮಾತು ಒಪ್ಪದಿದ್ದರೆ ಕಳಿಸಬೇಡಿ. ಅಂಥವರ ಹತ್ತಿರ ಎರಡು ಲಕ್ಷಕ್ಕೂ ಕಳಿಸಬೇಡಿ, ಇಪ್ಪತ್ತು ಲಕ್ಷಕ್ಕೂ ಕಳಿಸಬೇಡಿ.

ಇನ್ನೊಂದು ಮಾತು, ಇದು ಪಾಲಕರಿಗೂ. ನಿಮ್ಮ ಹುಡುಗ ಆಯ್ಕೆಯಾಗಿದ್ದಾನೆ, ಇಷ್ಟು ದುಡ್ಡು ಕಟ್ಟಿ ಅನ್ನುವವರು ಬರುತ್ತಾರೆ. ಫೋನಿನಲ್ಲಿ ಮಾತು ಸಕ್ಕರೆಯಂತೆ ಇರುತ್ತದೆ. ಹುಡುಗ ನಿಜವಾಗಿಯೂ ಬೇಕಾದ ಕ್ಲಬ್ಬು ಅವನ ಹಮಾಲಿ ಅಪ್ಪನ ಕೈಯಿಂದ ದುಡ್ಡು ಕೇಳುವುದಿಲ್ಲ. ಹಾಗೆ ಕೇಳಿದ ಕ್ಷಣ ಫೋನು ಇಟ್ಟುಬಿಡಿ.

ಟೂರ್ನಮೆಂಟಿನ ಬಗ್ಗೆ ಕೇಳಿದ ಅಣ್ಣನಿಗೆ ಒಂದು ಉತ್ತರ ಕೊಡಬೇಕು. ಹೌದು, ಈ ಸಲ ನಾವು ಬಹುಶಃ ಸೋಲುತ್ತೇವೆ. ಪ್ರತಿಸ್ಪರ್ಧಿ ಊರಿನವರು ಗೇಲಿ ಮಾಡುತ್ತಾರೆ. ಆ ನೋವು ನನಗೆ ಗೊತ್ತು, ಅದಕ್ಕೇ ನಾನು ಫಾರ್ಮನ್ನು ಡ್ರಾವರಿನಲ್ಲಿ ಇಟ್ಟದ್ದು. ಆವತ್ತು ಸೆಮಿಫೈನಲ್ಲಿನಲ್ಲಿ ನಮ್ಮನ್ನು ಸೋಲಿಸಿದ ತಂಡ ಯಾವುದು ಅಂತ ಈಗ ನನಗೆ ನೆನಪಿಲ್ಲ. ಫಾರ್ಮಿನ ಮೇಲೆ ಅಂಟಿಸಿದ್ದ ಆ ಹುಡುಗನ ಪಾಸ್‌ಪೋರ್ಟ್ ಫೋಟೋ ಮಾತ್ರ ನೆನಪಿದೆ. ಎಣ್ಣೆ ಹಚ್ಚಿ ತಲೆ ಬಾಚಿಕೊಂಡಿದ್ದ, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡಿದ್ದ.

ಆ ಫಾರ್ಮು ಇನ್ನೂ ನನ್ನ ಹತ್ತಿರ ಇದೆ. ಬರುವ ಭಾನುವಾರ ಸಂಜೆ ಐದಕ್ಕೆ ಆ ಕ್ಲಬ್ಬಿನ ಮತ್ತೊಂದು ಮೀಟಿಂಗು ಅಂತ ಕೇಳಿದ್ದೇನೆ. ಆ ಫಾರ್ಮನ್ನೂ ಒಂದು ಹೊಸ ರಜಿಸ್ಟರನ್ನೂ ತೆಗೆದುಕೊಂಡು ಬರುತ್ತೇನೆ. ಸುತ್ತಲಿನ ಕ್ಲಬ್ಬುಗಳವರೂ ಬನ್ನಿ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಿಂದ ಬರುವವರಿಗೆ ಚಹಾದ ಜವಾಬ್ದಾರಿ ನನ್ನದು. ಹುಡುಗ ಈ ಸಲ ಹೊರಗೆ ಕಟ್ಟೆಯ ಮೇಲೆ ಕೂರಬಾರದು. ಒಳಗೆ ಒಂದು ಖುರ್ಚಿ ಅವನಿಗೆ, ಅದರ ಪಕ್ಕದ್ದು ಅವನ ಅವ್ವನಿಗೆ. ಮೊದಲು ಅವರಿಬ್ಬರೂ ಮಾತಾಡಲಿ.

ನಿಮ್ಮವ,
ಒಬ್ಬ ನಿವೃತ್ತ ದೈಹಿಕ ಶಿಕ್ಷಕ
ಬೆಟಗೇರಿ